ಉದ್ಯೋಗದಾತನ ಸೂರಿನಡಿ

ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗ ದೊರೆತ ಸುದ್ದಿಯೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಎರಡನೆಯ ಮಾತು, "ವಸತಿ ಕಂಪೆನಿಯದ್ದೇ" ಎಂಬುದು. ಸಂಬಳದ ಮೊತ್ತದಷ್ಟೇ ನೆಮ್ಮದಿಯನ್ನು ಈ ಮಾತು ತಾಯಿತಂದೆಯರಿಗೆ ನೀಡುತ್ತದೆ. ಪರದೇಶದಲ್ಲಿ ಬಾಡಿಗೆ ದುಬಾರಿ. ಅದು ಉಳಿದರೆ ಊರಿನ ಸಾಲ ತೀರುತ್ತದೆ, ತಂಗಿಯ ಮದುವೆ ನಡೆಯುತ್ತದೆ, ಹಂಚಿನ ಮಾಡಿನ ಜಾಗದಲ್ಲಿ ತಾರಸಿ ಏಳುತ್ತದೆ. ಈ ಲೆಕ್ಕಾಚಾರ ಸುಳ್ಳಲ್ಲ. ಆದರೆ ಆ ವಸತಿ ಎಲ್ಲಿದೆ, ಎಂತಹುದು, ಒಂದು ಕೋಣೆಗೆ ಎಷ್ಟು ಮಂದಿ, ಕೆಲಸ ಹೋದ ದಿನ ಅದರ ಗತಿಯೇನು ಎಂದು ಕೇಳುವವರು ವಿರಳ. ವೀಸಾ ಕೈಗೆ ಬಂದ ಸಂಭ್ರಮದಲ್ಲಿ ಅಂತಹ ಪ್ರಶ್ನೆ ಅಪಶಕುನದಂತೆ ಕೇಳಿಸುತ್ತದೋ ಏನೋ.

2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸಿಸುತ್ತಿದ್ದ ಬಹುಮಹಡಿ ಕಟ್ಟಡಕ್ಕೆ ಬೆಳಗಿನ ಜಾವ ಬೆಂಕಿ ತಗಲಿತು. ಅದು ಉದ್ಯೋಗದಾತ ಸಂಸ್ಥೆಯೇ ಒದಗಿಸಿದ್ದ ವಸತಿ. ಬೆಂಕಿ ಕೆಳಗಿನ ಅಂತಸ್ತಿನಲ್ಲಿ ಹುಟ್ಟಿದರೂ ಮೇಲೆ ನಿದ್ದೆಯಲ್ಲಿದ್ದವರನ್ನು ಕೊಂದದ್ದು ಬಹುಪಾಲು ಹೊಗೆ. ಸತ್ತವರು 50ರಷ್ಟು, ಅವರಲ್ಲಿ ಸುಮಾರು 45 ಮಂದಿ ನಮ್ಮ ದೇಶದವರು, ಅರ್ಧದಷ್ಟು ಕೇರಳದವರು. ಎರಡು ದಿನಗಳ ಬಳಿಕ ವಾಯುಪಡೆಯ ವಿಮಾನ ಶವಪೆಟ್ಟಿಗೆಗಳನ್ನು ಕೊಚ್ಚಿಗೆ ತಂದಿಳಿಸಿತು. ಕುವೈತ್‌ನ ಅಂದಿನ ಉಪಪ್ರಧಾನಿಯೇ ಸ್ಥಳಕ್ಕೆ ಬಂದು ಕಟ್ಟಡ ಮಾಲೀಕರ ಲೋಭವನ್ನು ಬಹಿರಂಗವಾಗಿ ದೂರಿದರು. ಆ ಮನೆಗಳವರಿಗೂ ಎಂದೋ ಒಂದು ದಿನ "ವಸತಿ ಕಂಪೆನಿಯದ್ದೇ" ಎಂಬ ಮಾತು ಸಮಾಧಾನ ತಂದಿರಬೇಕು.

ಕಾನೂನುಗಳು ಇಲ್ಲವೆಂದಲ್ಲ. ಯು.ಎ.ಇ.ಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯು ತಿಂಗಳಿಗೆ 1,500 ದಿರ್ಹಮ್‌ಗಿಂತ ಕಡಿಮೆ ಸಂಬಳದವರಿಗೆ ವಸತಿ ಒದಗಿಸಲೇಬೇಕೆಂಬ ನಿಯಮವಿದೆ. ಅಲ್ಲಿ ಒಬ್ಬನಿಗೆ ಕನಿಷ್ಠ 3 ಚದರ ಮೀಟರು ಸ್ಥಳ. ನಮ್ಮ ಅಳತೆಯಲ್ಲಿ ಅದು ಸುಮಾರು 32 ಚದರಡಿ: ಒಂದು ಮಂಚ, ಅದರ ಪಕ್ಕದಲ್ಲಿ ಕಾಲಿಡಲು ಒಂದಿಷ್ಟು ನೆಲ. ಕಾನೂನು ಪಾಲಿಸುವ ಸಜ್ಜನ ಮಾಲೀಕನೂ ಇಷ್ಟನ್ನು ಕೊಟ್ಟರೆ ಸಾಕು ಎಂಬುದನ್ನು ಹೊರಡುವವರು ತಿಳಿದಿರಲಿ. ಕತಾರ್ ಬೇರೊಂದು ದಾರಿ ಹಿಡಿದಿದೆ. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕಾಯಿದೆಯಂತೆ ಕನಿಷ್ಠ ಮೂಲವೇತನ 1,000 ರಿಯಾಲ್. ಮಾಲೀಕನು ಯೋಗ್ಯ ವಸತಿ ಒದಗಿಸದಿದ್ದರೆ ಅದಕ್ಕೆಂದು 500 ರಿಯಾಲ್, ಊಟ ಒದಗಿಸದಿದ್ದರೆ 300 ರಿಯಾಲ್ ಪ್ರತ್ಯೇಕವಾಗಿ ಕೊಡಬೇಕು. ವಸತಿಯೂ ಸಂಬಳದ ಒಂದು ಭಾಗವೇ ಎಂಬುದನ್ನು ಇಲ್ಲಿ ಕಾನೂನೇ ಒಪ್ಪಿದೆ. ಆದುದರಿಂದ ಮಂಚವೊಂದನ್ನು ತೋರಿಸಿ ಮಾಲೀಕನ ಔದಾರ್ಯವನ್ನು ಹೊಗಳುವ ಏಜೆಂಟನ ಮಾತಿಗೆ ತಲೆದೂಗುವ ಅಗತ್ಯವಿಲ್ಲ.

ಮೂಲದ ತೊಡಕು ಚದರಡಿಗಿಂತ ಆಳದಲ್ಲಿದೆ. ಕೆಲಸ ಕೊಟ್ಟವನೇ ಮನೆಯನ್ನೂ ಕೊಟ್ಟಾಗ ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯ ಕಾರ್ಮಿಕನಿಗೆ ಉಳಿಯುವುದಿಲ್ಲ. ವೀಸಾ ಕೂಡ ಅದೇ ಮಾಲೀಕನ ಹೆಸರಿನಲ್ಲಿದ್ದರೆ ಹೇಳುವುದೇ ಬೇಡ. ಸಂಬಳ ಮೂರು ತಿಂಗಳು ತಡವಾದರೂ ದೂರು ಕೊಡುವ ಮುನ್ನ ಆತ ತನ್ನ ಹಾಸಿಗೆಯನ್ನು ನೆನೆಯುತ್ತಾನೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1961ರಷ್ಟು ಹಿಂದೆಯೇ ಕಾರ್ಮಿಕ ವಸತಿಯನ್ನು ಕುರಿತ ತನ್ನ ಶಿಫಾರಸಿನಲ್ಲಿ, ಊರಿನಿಂದ ಬಲು ದೂರದ ಕೆಲಸದಂತಹ ಅನಿವಾರ್ಯ ಸಂದರ್ಭಗಳ ಹೊರತು ಮಾಲೀಕರೇ ನೇರವಾಗಿ ವಸತಿ ಒದಗಿಸುವುದು ಸಾಮಾನ್ಯವಾಗಿ ಅಪೇಕ್ಷಣೀಯವಲ್ಲವೆಂದು ಹೇಳಿತ್ತು. ನಮ್ಮ ನೆರೆಯ ಗೋವೆಯ ಹಿರಿಯರು ಯಾವ ಶಿಫಾರಸನ್ನೂ ಓದದೆ ಇದನ್ನು ಅರಿತಿದ್ದರು. ಹಡಗಿನ ಕೆಲಸ ಅರಸಿ ಮುಂಬಯಿಗೆ ಬಂದ ಅವರು ಧೋಬಿ ತಲಾವ್, ಮಝಗಾಂವ್‌ಗಳಲ್ಲಿ ಊರಿಗೊಂದರಂತೆ 'ಕೂಡ್'ಗಳನ್ನು ನಡೆಸಿದರು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ಒಂದು ಪೀಠ, ಸಂಜೆಯ ಜಪಸರ. ಸೌಕರ್ಯ ಅಷ್ಟಕ್ಕಷ್ಟೇ. ಆದರೆ ಹಡಗಿನ ಕೆಲಸ ಮುಗಿದರೂ ಪೆಟ್ಟಿಗೆಯನ್ನು ಯಾರೂ ಬೀದಿಗೆಸೆಯುತ್ತಿರಲಿಲ್ಲ, ಸೂರು ಊರಿನದ್ದಾಗಿತ್ತು.

ಮಾಲೀಕನ ಮನೆಯೊಳಗೇ ವಾಸಿಸುವ ನಮ್ಮ ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಕ್ಯಾಂಪಿನ ಗಂಡಸಿಗೆ ಪಾಳಿ ಮುಗಿದ ಮೇಲೆ ಕೋಣೆಯಾದರೂ ಇದೆ, ಸುಖದುಃಖ ಹೇಳಿಕೊಳ್ಳಲು ಜೊತೆಗಾರರಿದ್ದಾರೆ. ಮನೆಗೆಲಸದವಳಿಗೆ ಕೆಲಸದ ಸ್ಥಳವೇ ಮಲಗುವ ಸ್ಥಳ; ಕೆಲಸ ಎಲ್ಲಿ ಮುಗಿಯಿತು, ವಿಶ್ರಾಂತಿ ಎಲ್ಲಿ ತೊಡಗಿತು ಎಂಬ ಗೆರೆ ಅಳಿಸಿಹೋಗಿರುತ್ತದೆ. ಕುವೈತ್ 2015ರ ಕಾಯಿದೆಯಲ್ಲಿ ದಿನಕ್ಕೆ 12 ಗಂಟೆಯ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ವಿಧಿಸಿದೆ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಗಡಿಯಾರ ನೋಡುವವರು ಯಾರು?

ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ಹೋಗಿರುವ ನಮ್ಮ ಕರಾವಳಿಯವರಲ್ಲಿ ಅನೇಕರಿಗೆ ಒಳ್ಳೆಯ ಮನೆಗಳು ದೊರೆತಿವೆ, ಮನೆಮಗಳಂತೆ ಕಾಣುವ ಕುಟುಂಬಗಳೂ ಇವೆ. ಆದರೂ ಆ ವೃದ್ಧರು ತೀರಿಕೊಂಡ ದಿನ ಆರೈಕೆ ಮಾಡಿದವರು ದುಃಖದ ಜೊತೆಗೆ ಕೆಲಸವನ್ನೂ ಕೋಣೆಯನ್ನೂ ಕಳೆದುಕೊಳ್ಳುತ್ತಾರೆ. ವಾರದ ರಜೆಗೆಂದು ಹಲವರು ಕೂಡಿ ಟೆಲ್ ಅವೀವ್‌ನಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿಯುವ ರೂಢಿ ಅಲ್ಲಿದೆ. ಊರಿನಲ್ಲಿ ಕುಳಿತವರಿಗೆ ಇದು ದುಂದುವೆಚ್ಚವೆಂದು ತೋರಬಹುದು. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ವಿವೇಕದ ಖರ್ಚು ಬೇರೊಂದಿಲ್ಲ. ಆ ಹಣ ಕಡಿಮೆ ಬಂತೆಂದು ಯಾವ ತಾಯಿತಂದೆಯೂ ಮಗಳನ್ನು ಆಕ್ಷೇಪಿಸದಿರಲಿ.

ಹೊರಡುವ ಮೊದಲು ಕೇಳಬೇಕಾದುದು ಬಹಳವೇನಿಲ್ಲ. ಉದ್ಯೋಗ ಕರಾರಿನಲ್ಲಿ "ವಸತಿ ಒದಗಿಸಲಾಗುವುದು" ಎಂಬ ಒಂದೇ ಸಾಲಿದ್ದರೆ ಸಾಲದು. ಕೋಣೆಗೆ ಎಷ್ಟು ಜನ, ಅಡುಗೆಗೆ ಅವಕಾಶವಿದೆಯೇ, ವಿದ್ಯುತ್ತು ನೀರಿಗೆ ಸಂಬಳದಿಂದ ಕಡಿತವುಂಟೇ, ಕೆಲಸ ಮುಗಿದ ಮೇಲೆ ಎಷ್ಟು ದಿನ ಉಳಿಯಬಹುದು, ವಸತಿ ಒಲ್ಲದಿದ್ದರೆ ಭತ್ಯೆ ಸಿಗುವುದೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಹತ್ತನೆಯ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ಅಗತ್ಯವಿಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಆ ಅನುಕೂಲದ ಇನ್ನೊಂದು ಮುಖವೇನೆಂದರೆ ಅವರ ಕರಾರನ್ನು ಸರಕಾರದ ಯಾವ ಅಧಿಕಾರಿಯೂ ಹೊರಡುವ ಮುನ್ನ ಓದುವುದಿಲ್ಲ. ಓದುವ ಹೊಣೆ ಮನೆಯವರದೇ.

ಇನ್ನೊಂದು ಮಾತು ಮನೆಯಲ್ಲಿರುವವರಿಗೆ. ಹಿಂದೆ ಕೊಲ್ಲಿಗೆ ಬರೆಯುತ್ತಿದ್ದ ಕಾಗದಗಳ ಮೇಲೆ ಕಂಪೆನಿಯ ಅಂಚೆಪೆಟ್ಟಿಗೆಯ ಸಂಖ್ಯೆ ಮಾತ್ರ ಇರುತ್ತಿತ್ತು. ಮಗ ಮಲಗುವ ಕಟ್ಟಡ ಯಾವುದೆಂದು ಆತನೇ ಹೇಳಿದರೆ ಉಂಟು. ಈಗ ಪ್ರತಿರಾತ್ರಿ ಮೊಬೈಲಿನಲ್ಲಿ ಮುಖ ಕಾಣುತ್ತದೆ. ಮುಖದ ಹಿಂದಿನ ಗೋಡೆಯನ್ನು ದಾಟಿ ನಮಗೆ ತಿಳಿದಿರುವುದಾದರೂ ಏನು? ಕಟ್ಟಡದ ಹೆಸರು, ಬಡಾವಣೆ, ಜೊತೆಗಾರನೊಬ್ಬನ ದೂರವಾಣಿ ಸಂಖ್ಯೆ, ಆ ದೇಶದ ಭಾರತೀಯ ರಾಯಭಾರ ಕಚೇರಿಯ ಸಂಖ್ಯೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿಡಿ. ಸಂಕಟಕ್ಕೆ ಸಿಕ್ಕವರ ನೆರವಿಗೆಂದು ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ತಾತ್ಕಾಲಿಕ ವಸತಿಗೂ ಊರಿಗೆ ಮರಳುವ ಟಿಕೇಟಿಗೂ ಅದನ್ನು ಬಳಸಲು ಅವಕಾಶವಿದೆ. ರಜೆಯಲ್ಲಿ ಊರಿಗೆ ಬಂದವರು ಸುಗಂಧದ ಶೀಶೆಗಳ ಜೊತೆಗೆ ತಮ್ಮ ಕೋಣೆಯ ನಿಜವಾದ ವರ್ಣನೆಯನ್ನೂ ತಂದರೆ, ಮುಂದೆ ಹೊರಡಲಿರುವ ನೆರೆಮನೆಯ ಹುಡುಗನಿಗೆ ಸಹಿ ಹಾಕುವ ಮೊದಲೇ ಅದು ತಿಳಿದೀತು.