ಟಿಕೆಟ್ ಫ್ರೀ, ಸರಿ. ಬಸ್ಸೆಲ್ಲಿ?

(ಭಾಗ 2. ಮೊದಲನೇದು ಪ್ರೊಫೈಲ್‌ನಲ್ಲಿದೆ)

ಶಕ್ತಿ ಯೋಜನೆ ಅಂದ್ರೆ ಸಾಕು, ನಮ್ಮ ಕ್ಲಾಸಲ್ಲಿ ಎರಡು ಟೀಮ್. "ಬಿಟ್ಟಿ ಭಾಗ್ಯ, ಈ ದುಡ್ಡಲ್ಲಿ ಫ್ಯಾಕ್ಟರಿ ತರಬಹುದಿತ್ತು" ಅಂತ ಒಂದು. "ಬಡವರಿಗೆ ಕೊಟ್ರೆ ಮಾತ್ರ ನಿಮಗ್ಯಾಕೆ ಹೊಟ್ಟೆಉರಿ" ಅಂತ ಇನ್ನೊಂದು. ಬಾಯಿ ಮಾಡೋದು ಬೇರೆ ಬೇರೆ, ನಂಬಿಕೆ ಮಾತ್ರ ಒಂದೇ: ಅಭಿವೃದ್ಧಿ ಒಂದು ಖಾತೆ, ಜನರ ಕಷ್ಟ ಇನ್ನೊಂದು ಖಾತೆ. ನನ್ನ ಜಗಳ ಈ ನಂಬಿಕೆ ಜೊತೆ.

2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ. ಇದು ದಾನ ಅಲ್ಲ. ಊರಲ್ಲಿ ಕೊಟ್ಟಷ್ಟು ಕೂಲಿ ಇಸ್ಕೊಂಡು ಸುಮ್ನಿರಬೇಕಿದ್ದ ಹೆಣ್ಮಗಳು, ಬಸ್ ಚಾರ್ಜಿನ ಲೆಕ್ಕ ಹಾಕದೆ ಪಕ್ಕದ ತಾಲೂಕಿನ ಗಾರ್ಮೆಂಟ್ಸ್‌ಗೆ ಕೆಲಸ ಕೇಳ್ಕೊಂಡು ಹೋಗಬಹುದು. ಇದಕ್ಕಿಂತ ದೊಡ್ಡ ಆರ್ಥಿಕ ನೀತಿ ಯಾವುದಪ್ಪಾ?

ಆದ್ರೆ ಶಿಫ್ಟ್ ಶುರು ಆದ್ಮೇಲೆ ಊರಿಗೆ ಮೊದಲ ಬಸ್ ಬಂದ್ರೆ? ಆ ಫ್ರೀ ಟಿಕೆಟ್ ಬೆಲೆ ಸೊನ್ನೆ. ಬಂದ ಬಸ್ಸೂ ತುಂಬಿ ತುಳುಕಿ ಸ್ಟಾಪಲ್ಲಿ ನಿಲ್ಲಿಸದೆ ಹೋಗೋದು ನಿಮಗೇ ಗೊತ್ತು, ಫಸ್ಟ್ ಅವರ್ ಅಟೆಂಡೆನ್ಸ್ ಕಳ್ಕೊಂಡವರು ನೀವು. ಫ್ಯಾಕ್ಟರಿ ಎಲ್ಲಿ ಅನ್ನೋದನ್ನ ಕೈಗಾರಿಕಾ ಇಲಾಖೆ ನೋಡುತ್ತೆ, ಬಸ್ ಟೈಮು ಸಾರಿಗೆ ನಿಗಮದ್ದು, ಅಂಗನವಾಡಿ ಇನ್ನೊಂದು ಇಲಾಖೆದು. ಶಿಫ್ಟ್ ಮುಗಿಯೋ ಮುಂಚೆ ಅಂಗನವಾಡಿ ಬಾಗಿಲು ಹಾಕಿದ್ರೆ ಮಗು ಎಲ್ಲಿರುತ್ತೆ? ಮೂರು ಇಲಾಖೆಗೂ ಒಟ್ಟಿಗೆ ಈ ಪ್ರಶ್ನೆ ಕೇಳೋರು ಯಾರು?

ಉತ್ತರ ಸಂವಿಧಾನದಲ್ಲೇ ಇದೆ. 243ಜಿ ವಿಧಿ ತೆಗೆದು ನೋಡಿ. ಪಂಚಾಯ್ತಿಗಳು "ಆರ್ಥಿಕ ಅಭಿವೃದ್ಧಿ" ಮತ್ತು "ಸಾಮಾಜಿಕ ನ್ಯಾಯ" ಎರಡಕ್ಕೂ ಯೋಜನೆ ಮಾಡಬೇಕು ಅನ್ನುತ್ತೆ. ಎರಡೂ ಒಂದೇ ಉಸಿರಲ್ಲಿ! ಬಸ್ ಓಡಿಸೋದು ತಾಲೂಕು ಪಂಚಾಯ್ತಿ ಅಲ್ಲ, ಒಪ್ಪಿದೆ. ಆದ್ರೆ ಡಿಪೋ ಮ್ಯಾನೇಜರನ್ನೂ ಅಂಗನವಾಡಿ ನೋಡ್ಕೊಳ್ಳೋ ಅಧಿಕಾರಿಯನ್ನೂ ಒಂದೇ ಸಭೆಗೆ ಕರೆಸಿ, ಆ ಹೆಣ್ಮಗಳ ಊರಿಂದ ಗೆದ್ದು ಬಂದ ಸದಸ್ಯೆ ಎದ್ದು ನಿಂತು ಕೇಳೋ ಜಾಗ ಅದು.

ಆ ಜಾಗ ಖಾಲಿ. ತಾಲೂಕು, ಜಿಲ್ಲಾ ಪಂಚಾಯ್ತಿಗೆ ಚುನಾವಣೆ ಆಗಿದ್ದು 2016ರಲ್ಲಿ, ಅವಧಿ ಮುಗಿದಿದ್ದು 2021ರಲ್ಲಿ. ಅವಧಿ ಮುಗಿಯೋದ್ರೊಳಗೆ ಹೊಸ ಚುನಾವಣೆ ಮುಗಿಸಿರಬೇಕು ಅಂತ 243ಇ ಹೇಳುತ್ತೆ. ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆ ಕೆಲಸವನ್ನ ಚುನಾವಣಾ ಆಯೋಗದಿಂದ ಕಿತ್ಕೊಂಡು ಬೇರೆ ಆಯೋಗಕ್ಕೆ ಕೊಡ್ತು. ಕಾಂಗ್ರೆಸ್ ಬಂತು, ಗ್ಯಾರಂಟಿ ಕೊಡ್ತು, ಚುನಾವಣೆ ಕೊಡ್ಲಿಲ್ಲ. ಇದರಲ್ಲಿ ಮಾತ್ರ ಎಂಥಾ ಒಗ್ಗಟ್ಟು ನೋಡಿ. ಸದಸ್ಯರ ಬದಲು ಆಡಳಿತಾಧಿಕಾರಿ ಕೂತಿದ್ದಾರೆ. ಅಧಿಕಾರಿಯನ್ನ ಅಧಿಕಾರಿಯೇ ಏನ್ ಕೇಳ್ತಾರೆ?

(ಪಂಚಾಯತ್ ರಾಜ್ ಅಂದ್ರೆ ದೇಶವೇ ಕರ್ನಾಟಕದ ಕಡೆ ನೋಡ್ತಿದ್ದ ಕಾಲ ಇತ್ತು. ನಜೀರ್ ಸಾಬ್ ತಂದ ಕಾಯ್ದೆಯಡಿ 1987ರಲ್ಲೇ ಚುನಾವಣೆ ಆಯ್ತು, ಹೆಂಗಸರಿಗೆ 25% ಮೀಸಲಾತಿ ಸಮೇತ. 73ನೇ ತಿದ್ದುಪಡಿ ಬಂದಿದ್ದು ಆಮೇಲೆ, 1993ರಲ್ಲಿ.)

ಶಾಸಕರ ಕೆಡಿಪಿ ಸಭೆ ಇದೆಯಲ್ಲ ಅಂತೀರಾ? ಇದೆ. ಇಡೀ ಕ್ಷೇತ್ರಕ್ಕೆ ಒಬ್ಬರೇ ಶಾಸಕರು. ನಿಮ್ಮೂರಿನ ಬೆಳಗಿನ ಬಸ್ಸು ಅವರ ಪಟ್ಟಿಯಲ್ಲಿ ಎಷ್ಟನೇದು?

2016ರ ಆ ಚುನಾವಣೆ ಆದ್ಮೇಲೆ 18 ತುಂಬಿದವರು ಕೈ ಎತ್ತಿ. ಎಂಪಿಗೆ ವೋಟ್ ಹಾಕಿದೀರ, ಎಂಎಲ್ಎಗೂ ಹಾಕಿದೀರ. ಜಿಲ್ಲಾ ಪಂಚಾಯ್ತಿಗೆ ಒಂದ್ಸಲನಾದ್ರೂ?

ಭಾಗ 3ರಲ್ಲಿ: ಆಡಳಿತಾಧಿಕಾರಿ ಸಹಿಯಲ್ಲಿ ಪಾಸಾಗೋ ಬಜೆಟ್.