ಆರ್ಗಾನ್ ಕೆಲಸಗಾರನ ಕಣ್ಣಿಗೆ ಬೆಲೆ ಕಟ್ಟಿದವರಾರು?

"ತಾನಾಗಿ ಕಪ್ಪಾಗುವ ಹೆಲ್ಮೆಟ್ಟನ್ನೇ ತಂದುಕೊಟ್ಟಿದ್ದೇವೆ, ಇನ್ನೇನು ಬೇಕು ಇವರಿಗೆ?" ಎಂದು ಕೇಳುವ ಧಣಿಗಳು ಈಗ ಹೆಚ್ಚಾಗಿದ್ದಾರೆ. ಸ್ವಾಮಿ, ತಂದುಕೊಟ್ಟದ್ದು ಯಾವುದು? ಪೇಟೆಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು! ಗಿರಣಿಯ ಬಣ್ಣದ ತೊಟ್ಟಿಗೆ, ಸ್ಟೀಲಿನ ಪೈಪಿಗೆ ಆರ್ಗಾನ್ ವೆಲ್ಡಿಂಗ್ ಮಾಡುವವನಿಗೆ ಅದು ಹೆಸರಿಗಷ್ಟೇ ಹೆಲ್ಮೆಟ್.

ಆರ್ಗಾನ್ ವೆಲ್ಡಿಂಗ್, ಅಂದರೆ ಟಿಗ್, ರಾಡ್ ವೆಲ್ಡಿಂಗಿನಂಥದಲ್ಲ. ತೆಳು ಸ್ಟೀಲಿನ ಮೇಲೆ 10-20 ಆಂಪಿಯರಿನಲ್ಲೇ ಕೆಲಸ ಸಾಗುತ್ತದೆ. ಜ್ವಾಲೆ ಚಿಕ್ಕದು, ಬೆಳಕು ಅಲುಗದೆ ನಿಂತಿರುತ್ತದೆ. ಅಗ್ಗದ ಸೆನ್ಸರಿಗೆ ಅದು ಕಾಣುವುದೇ ಇಲ್ಲ. ಇರುವ ಎರಡು ಸೆನ್ಸರಿನಲ್ಲಿ ಒಂದಕ್ಕೆ ಕೈ, ಇನ್ನೊಂದಕ್ಕೆ ಪೈಪು ಅಡ್ಡ ಬಂದರೆ ಮುಗಿಯಿತು. "1/25000 ಸೆಕೆಂಡಿನಲ್ಲಿ ಕಪ್ಪಾಗುತ್ತದೆ" ಎಂದು ಡಬ್ಬಿಯ ಮೇಲೆ ಬರೆದಿದೆಯಂತೆ. ಕಂಡರೆ ತಾನೇ ಕಪ್ಪಾಗುವುದು?

ಟಿಗ್ ಕೆಲಸಕ್ಕೆ ನಾಲ್ಕು ಸೆನ್ಸರ್ ಇರಲಿ. 5 ಆಂಪಿಯರಿನ ಟಿಗ್ ಜ್ವಾಲೆಗೂ ಕಪ್ಪಾಗುತ್ತದೆಂದು ತಯಾರಕನು ಬರೆದುಕೊಟ್ಟಿರಲಿ. ಬರಿದೆ "ವೆಲ್ಡಿಂಗಿಗೆ" ಎಂದರೆ ಸಾಲದು. ಕಪ್ಪಿನ ನಂಬರು 9ರಿಂದ 13ರವರೆಗೆ ತಿರುಗಿಸಲು ಬರಬೇಕು. ಸೆನ್ಸರಿನ ಚುರುಕು ಹೆಚ್ಚಿಸಲೂ, ಜ್ವಾಲೆ ಆರಿದ ಮೇಲೆ ಗಾಜು ತಿಳಿಯಾಗುವುದನ್ನು ತಡಮಾಡಲೂ ಬೇರೆ ಬೇರೆ ತಿರುಪು ಬೇಕು. ಬ್ಯಾಟರಿ ಬದಲಿಸುವಂತಿರಲಿ, ಸೀಲು ಹಾಕಿದ್ದಾದರೆ ಬ್ಯಾಟರಿ ಸತ್ತ ದಿನ ಹೆಲ್ಮೆಟ್ಟೂ ಸತ್ತಿತು.

ಪರೀಕ್ಷೆಯಾದ ಗಾಜು ಕಪ್ಪಾಗದಿದ್ದಾಗಲೂ ನೇರಳಾತೀತ ಕಿರಣವನ್ನು ತಡೆಯುತ್ತದೆ. ಗುರುತಿಲ್ಲದ ಗಾಜಿಗೆ ಆ ಭರವಸೆ ಕೊಡುವವರಾರು? ಮೂರು ಸಲ ಕಣ್ಣಿಗೆ ಬೆಳಕು ಹೊಡೆಸಿಕೊಂಡವನು ನಾಲ್ಕನೆಯ ಸಲ ಹೆಲ್ಮೆಟ್ಟನ್ನೇ ಎತ್ತಿಟ್ಟು, ಮುಖ ಓರೆ ಮಾಡಿ ಟ್ಯಾಕ್ ಹೊಡೆಯುತ್ತಾನೆ. ನೋವು ಆಗಲೇ ಗೊತ್ತಾಗುವುದಿಲ್ಲ. ನಡುರಾತ್ರಿ ಕಣ್ಣಿಗೆ ಮರಳು ಸುರಿದಂತಾಗಿ ಎದ್ದು ಕೂರುತ್ತಾನೆ. ಹೆಂಡತಿ ಆಲೂಗಡ್ಡೆ ಹೆಚ್ಚಿ ರೆಪ್ಪೆಯ ಮೇಲಿಡುತ್ತಾಳೆ. ಮರುದಿನದ ಕೂಲಿ ಹೋಯಿತು. ಧಣಿಯ ಲೆಕ್ಕದಲ್ಲಿ ಇದು "ಹೇಳದೆ ಕೇಳದೆ ರಜೆ".

ಕಣ್ಣಿಗೆ ಅಪಾಯವಿರುವ ಕೆಲಸಕ್ಕೆ ತಕ್ಕ ಕನ್ನಡಕ ಇಲ್ಲವೆ ಪರದೆ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯಿದೆಯ 35ನೆಯ ಕಲಮು ಹೇಳಿತ್ತು. ಅಂಥ ಏರ್ಪಾಟಿಗೆ ಕೆಲಸಗಾರನಿಂದ ಕಾಸು ವಸೂಲು ಮಾಡಬಾರದೆಂದು 114ನೆಯದು ಹೇಳಿತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿತು. ಕೆಲಸಗಾರನಿಗೆ ಹೊಸ ಕಣ್ಣೇನೂ ಬಂದಿಲ್ಲ. ಆದರೂ ಹೆಲ್ಮೆಟ್ಟಿನ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುವ ಚಾಳಿ ನಿಂತಿಲ್ಲ.

ಅಂಗಡಿಯ ಮಿತ್ರರಿಗೂ ಒಂದು ಮಾತು. ಎರಡು ಸೆನ್ಸರಿನದನ್ನು "ಆರ್ಗಾನಿಗೂ ಆಗುತ್ತದೆ" ಎಂದು ದಾಟಿಸಬೇಡಿ. ಅದನ್ನು ಕೊಳ್ಳುವವನೂ ಒಂದೊಂದು ಸಲ ನಿಮ್ಮಂತೆ ಸಣ್ಣ ಬಂಡವಾಳದವನೇ. ನಾಲ್ಕಾಳಿನ ಶೆಡ್ಡಿನಲ್ಲಿ ತಾನೇ ಕುಳಿತು ಬೆಸೆಯುವವನು.

ಅಗ್ಗದ ಮಾಲು ಸಾಕೆನ್ನುವ ಧಣಿಗಳು ಅದನ್ನು ಒಂದು ದಿನ ತಮ್ಮ ತಲೆಗೇರಿಸಿಕೊಂಡು, ಮೆಷಿನನ್ನು 10 ಆಂಪಿಯರಿಗೆ ಇಳಿಸಿ, ಪೈಪಿನ ಸಂದಿಯಲ್ಲಿ ಹತ್ತು ಟ್ಯಾಕ್ ಹೊಡೆದು ತೋರಿಸಲಿ. ಆಮೇಲೆ ದರದ ಮಾತಾಡೋಣ.