ಬಾಗದ ಮಂಡಿಗೂ ಯೋಗವುಂಟು

ಮಠದ ಜಗಲಿಯಲ್ಲಿ ಕುಳಿತು ಮಾತಾಡುವ ಹಿರಿಯರ ಬಾಯಲ್ಲಿ ಈಚಿನ ವರ್ಷಗಳಲ್ಲಿ ಯೋಗದ ಮಾತು ಹೆಚ್ಚಾಗಿದೆ. ವಿಶ್ವಸಂಸ್ಥೆಯು 2014ರ ಡಿಸೆಂಬರಿನಲ್ಲಿ ನಿರ್ಣಯ ಮಾಡಿ, 2015ರಿಂದ ಜೂನ್ 21ರಂದು ಯೋಗ ದಿನ ಆಚರಿಸುವ ಪದ್ಧತಿ ಬಂದ ಮೇಲೆ ಅದು ನಮ್ಮೂರ ಶಾಲೆಯ ಅಂಗಳಕ್ಕೂ ಬಂದು ಮುಟ್ಟಿದೆ. ಮೊಮ್ಮಕ್ಕಳು ಬಿಲ್ಲಿನಂತೆ ಬೆನ್ನು ಬಾಗಿಸುವುದನ್ನು ಅಜ್ಜಂದಿರು ಬೆರಗಿನಿಂದ ನೋಡುತ್ತಾರೆ. ನೋಡಿ, “ಅದೆಲ್ಲ ಹುಡುಗರಿಗೆ ಬುದ್ಧೀ, ನಮ್ಮ ಮಂಡಿಯೇ ಬಾಗುವುದಿಲ್ಲ, ನಮಗೆಲ್ಲಿಯ ಯೋಗ” ಎಂದು ನಿಟ್ಟುಸಿರು ಬಿಡುತ್ತಾರೆ. ಇನ್ನು ಕೆಲವರ ದಾರಿ ಬೇರೆ. ಎಲ್ಲಿಯೋ ಮೂರು ದಿನದ ಶಿಬಿರಕ್ಕೆ ಹೋಗಿ ಬಂದು, ಇನ್ನು ವೈದ್ಯರ ಗುಳಿಗೆಯ ಹಂಗು ತನಗಿಲ್ಲವೆಂದು ಡಬ್ಬಿಯನ್ನೇ ಎತ್ತಿ ಎಸೆಯುತ್ತಾರೆ. ಒಬ್ಬರದು ಅಂಜಿಕೆ, ಇನ್ನೊಬ್ಬರದು ಅತಿ ಧೈರ್ಯ. ಆದರೆ ಎರಡರ ಬೇರೂ ಒಂದೇ. ಯೋಗವೆಂದರೆ ಮೈಯ ಕಸರತ್ತು ಎಂದು ಇಬ್ಬರೂ ತಿಳಿದುಕೊಂಡಿದ್ದಾರೆ.

ಯೋಗ ಎಂಬ ಶಬ್ದಕ್ಕೆ ಕೂಡಿಸುವುದು, ಹೂಡುವುದು ಎಂಬ ಅರ್ಥವಿದೆ. ನಮ್ಮ ಎತ್ತಿನ ಹೆಗಲ ಮೇಲಿನ ನೊಗಕ್ಕೆ ಸಂಸ್ಕೃತದಲ್ಲಿ ಯುಗ ಎನ್ನುತ್ತಾರೆ. ಅದೂ ಇದೇ ಧಾತುವಿನಿಂದ ಹುಟ್ಟಿದ ಮಾತು. ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ ಎಳೆದರೆ ಬಂಡಿ ಏನಾಗುತ್ತದೆಂದು ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಎಳೆಯುತ್ತಿರುತ್ತದೆ. ಕೈಯಲ್ಲಿ ಜಪಮಣಿ, ಮನಸ್ಸಿನಲ್ಲಿ ಕೋರ್ಟಿನ ವ್ಯಾಜ್ಯ. ಇವೆರಡನ್ನೂ ಒಂದು ನೊಗಕ್ಕೆ ಹೂಡಿ, ಉಸಿರೆಂಬ ಹಗ್ಗವನ್ನು ಕೈಯಲ್ಲಿ ಹಿಡಿದು ನಡೆಸುವುದೇ ಯೋಗವೆಂದು ತಿಳಿದರೆ ಮೊದಲ ಪಾಠ ಮುಗಿಯಿತು.

ಪತಂಜಲಿ ಮಹರ್ಷಿಗಳ ಯೋಗಸೂತ್ರದಲ್ಲಿ ಸುಮಾರು 195 ಸೂತ್ರಗಳಿವೆ. ಅವುಗಳಲ್ಲಿ ಆಸನದ ವಿಷಯ ನೇರವಾಗಿ ಹೇಳುವವು ಎಷ್ಟು? ಮೂರೇ ಮೂರು. ಅಲ್ಲಿಯೂ ತಲೆ ಕೆಳಗೆ ಮಾಡೆಂದಾಗಲಿ, ಕಾಲನ್ನು ಕುತ್ತಿಗೆಗೆ ಸುತ್ತೆಂದಾಗಲಿ ಇಲ್ಲ. ಅಲುಗದೆ, ಸುಖವಾಗಿ ಕುಳಿತುಕೊಳ್ಳಬೇಕೆಂಬುದೇ ಅದರ ತಾತ್ಪರ್ಯ. ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಮೊದಲ ಎರಡು ಯಮ ಮತ್ತು ನಿಯಮ. ಶಿಬಿರಗಳಲ್ಲಿ ಈ ಎರಡನ್ನು ಒಂದು ಉಸಿರಿನಲ್ಲಿ ಹೇಳಿ ಚಾಪೆ ಹಾಸಿಬಿಡುತ್ತಾರೆ. ತಳಪಾಯ ಬಿಟ್ಟು ತೊಲೆ ಏರಿಸಿದ ಹಾಗೆ.

ಯಮವೆಂದರೆ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಹೆಸರು ಕೇಳಿ ಹೆದರಬೇಕಾಗಿಲ್ಲ. ದಣಿದ ಎತ್ತಿಗೆ ಬಾರುಕೋಲಿನ ಮೊಳೆ ಚುಚ್ಚದಿರುವುದು ಅಹಿಂಸೆ. ಸಂತೆಯಲ್ಲಿ ತೂಕ ಹಿಡಿಯುವಾಗ ತಕ್ಕಡಿಗೆ ಕಿರುಬೆರಳು ತಾಕಿಸದಿರುವುದು ಸತ್ಯ. ಪ್ರತಿ ವರ್ಷ ಉಳುವಾಗ ಪಕ್ಕದವನ ಬದುವನ್ನು ಒಂದೊಂದು ಗೇಣು ಒತ್ತದಿರುವುದು ಅಸ್ತೇಯ. ಸಂಸಾರಿಗಳಿಗೆ ಬ್ರಹ್ಮಚರ್ಯವೆಂದರೆ ಕೈಹಿಡಿದವರಿಗೆ ನಿಷ್ಠೆಯಿಂದ ಇರುವುದು. ಮಗನ ಮದುವೆಯಲ್ಲಿ ಬೀಗರ ಬೆನ್ನು ಮುರಿಯುವಂತೆ ಪಟ್ಟಿ ಕೊಡದಿರುವುದು ಅಪರಿಗ್ರಹ. ಇದಕ್ಕೆ ಮಂಡಿ ಬಾಗಬೇಕೇ? ಎಂಬತ್ತು ವರ್ಷದವರೂ ಇಂದೇ ಪ್ರಾರಂಭಿಸಬಹುದು. ನಿಯಮವೂ ಹೀಗೆಯೇ: ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರ ಪ್ರಣಿಧಾನ. ಇವುಗಳಲ್ಲಿ ಸಂತೋಷವೇ ಬಹಳ ಕಷ್ಟದ್ದೆಂದು ನನಗೆ ತೋರುತ್ತದೆ. ಇದ್ದುದರಲ್ಲಿ ತೃಪ್ತಿ ಪಡುವುದಕ್ಕಿಂತ ಶೀರ್ಷಾಸನ ಸುಲಭ! ಮುಂದಿನ ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿಗಳು ಕ್ರಮವಾಗಿ ಹೊರಗಿನಿಂದ ಒಳಕ್ಕೆ ಹೋಗುವ ಮೆಟ್ಟಿಲುಗಳು.

ಮೈಯನ್ನು ಗಟ್ಟಿ ಮಾಡಿಕೊಂಡರೆ ಯೋಗ ಮುಗಿಯಿತೇ ಎಂಬ ಪ್ರಶ್ನೆ ಹೊಸದೇನಲ್ಲ. ಚಾಮರಸ ಕವಿಯ ಪ್ರಭುಲಿಂಗಲೀಲೆಯಲ್ಲಿ ಬರುವ ಗೋರಕ್ಷನ ಕಥೆಯನ್ನು ಪುರಾಣ ಕೇಳಿದ ಹಿರಿಯರೆಲ್ಲ ಬಲ್ಲಿರಿ. ಗೋರಕ್ಷನು ಸಾಧನೆಯಿಂದ ವಜ್ರದಂಥ ಕಾಯ ಪಡೆದವನು. ಅವನ ಮೈಗೆ ಕತ್ತಿ ಬೀಸಿದರೆ ಖಣಿಲೆಂದು ಸದ್ದಾಯಿತೇ ಹೊರತು ಕೂದಲೂ ಕೊಂಕಲಿಲ್ಲ. ಆಮೇಲೆ ಅದೇ ಕತ್ತಿಯನ್ನು ಅಲ್ಲಮಪ್ರಭುಗಳ ಮೇಲೆ ಬೀಸಿದಾಗ ಅದು ಬಯಲಲ್ಲಿ ಹಾದುಹೋದಂತೆ ಹಾದುಹೋಯಿತು. ತಾಕುವುದಕ್ಕೆ ಅಲ್ಲೇನೂ ಇರಲಿಲ್ಲ. ಸದ್ದು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ‘ನಾನು’ ಎಂಬುದು ಉಳಿದಿದೆ ಎಂದು ಗೋರಕ್ಷನಿಗೆ ಆಗ ತಿಳಿಯಿತು. ಇಂದು ಪದಕ ಕೊರಳಿಗೆ ಹಾಕಿಕೊಂಡು ಬರುವ ಹುಡುಗರಿಗೆ ಈ ಕಥೆಯನ್ನು ಅಜ್ಜಿಯರು ಒಂದು ಸಲ ಹೇಳಬೇಕು. ಮೈಯನ್ನು ಕಡೆಗಣಿಸಿ ಎಂದು ಇದರ ಅರ್ಥವಲ್ಲ. ಲಿಂಗ ಧರಿಸಿದ ದೇಹವನ್ನು ದೇಗುಲವೆಂದು ನಂಬಿದವರು ನಾವು. ದೇಗುಲದ ಕಸ ಗುಡಿಸಲೇಬೇಕು.

“ನಾವು ಲಿಂಗವಂತರು, ನಮಗೆ ಪತಂಜಲಿಯ ಯೋಗ ಬೇಕೇ?” ಎಂದು ಕೇಳುವವರಿದ್ದಾರೆ. ಬೆನ್ನು ನೇರ ಮಾಡಿ ಕುಳಿತು, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿ, ದೃಷ್ಟಿಯನ್ನು ಅದರಲ್ಲಿ ನಿಲ್ಲಿಸಿ ಪಂಚಾಕ್ಷರಿಯನ್ನು ಜಪಿಸುತ್ತೀರಲ್ಲ, ಅಲ್ಲಿ ಆಸನವಿದೆ, ಉಸಿರಿನ ನಿಯಮವಿದೆ, ಧಾರಣವಿದೆ. ನಿಮಗೆ ತಿಳಿಯದೆಯೇ ಅರ್ಧ ದಾರಿ ನಡೆದಿದ್ದೀರಿ. ಪೂಜೆಯನ್ನು ಹತ್ತು ನಿಮಿಷ ಅವಸರವಿಲ್ಲದೆ ಮಾಡಿದರೆ ಉಳಿದದ್ದು ಅರ್ಥವಾಗುತ್ತದೆ.

ದಿನವಿಡೀ ಹೊಲದಲ್ಲಿ ದುಡಿಯುವವನಿಗೆ ಆಸನ ಏಕೆ ಎಂಬುದು ಇನ್ನೊಂದು ಪ್ರಶ್ನೆ. ನ್ಯಾಯವಾದದ್ದೇ. ಆದರೆ ಕಳೆ ತೆಗೆಯುವವರ ಬೆನ್ನು ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ, ಮುಂದಕ್ಕೆ, ಬಾಗಿರುತ್ತದೆ. ಅದನ್ನು ಮೆಲ್ಲಗೆ ಹಿಂದಕ್ಕೂ ಪಕ್ಕಕ್ಕೂ ತಿರುಗಿಸಿ ಸಮ ಮಾಡುವುದು ಆಸನದ ಕೆಲಸ. ದುಡಿಮೆಯಲ್ಲಿ ಉಸಿರು ನಮ್ಮನ್ನು ಎಳೆಯುತ್ತದೆ; ಅಭ್ಯಾಸದಲ್ಲಿ ನಾವು ಉಸಿರನ್ನು ಗಮನಿಸುತ್ತೇವೆ. ಇಷ್ಟೇ ಭೇದ.

ಇನ್ನು ಮಂಡಿಯ ಮಾತಿಗೆ ಬರೋಣ. ಇಂದು ಜಗತ್ತೆಲ್ಲ ಮಾಡುತ್ತಿರುವ ಆಸನಾಭ್ಯಾಸದ ಒಂದು ದೊಡ್ಡ ಕವಲು ನಮ್ಮ ಮೈಸೂರಿನಿಂದಲೇ ಹೊರಟದ್ದು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಾಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಕನ್ನಡದಲ್ಲಿಯೇ ‘ಯೋಗಮಕರಂದ’ ಎಂಬ ಗ್ರಂಥ ಬರೆದರು. ಅಲ್ಲಿ ಎಳೆಯ ಹುಡುಗರಿಗೆ ಅವರು ಕಠಿಣವಾದ ಆಸನಗಳನ್ನು ಕಲಿಸಿದರು. ಅದೇ ಗುರುಗಳು ಮುಂದೆ ಮದರಾಸಿನಲ್ಲಿ ನೆಲೆಸಿದಾಗ ರೋಗಿಗಳಿಗೂ ವಯಸ್ಸಾದವರಿಗೂ ಒಬ್ಬೊಬ್ಬರ ಶಕ್ತಿ ನೋಡಿ ಬೇರೆ ಬೇರೆಯಾಗಿ ಹೇಳಿಕೊಟ್ಟರು. 1989ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ಯರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯ ಎಲ್ಲ ಬಂದು ಬಡಕಲಾಗಿದ್ದ ಹುಡುಗ. ಪುಣೆಯಲ್ಲಿ ನೆಲೆಸಿ ಲೋಕಪ್ರಸಿದ್ಧರಾದ ಮೇಲೂ ಬಾಗದವರಿಗಾಗಿ ಕುರ್ಚಿ, ಕಂಬಳಿ, ಹಗ್ಗ, ಮರದ ತುಂಡುಗಳನ್ನು ಆಸರೆಯಾಗಿ ಬಳಸುವ ಕ್ರಮವನ್ನು ಬೆಳೆಸಿದರು. 2014ರಲ್ಲಿ ತೊಂಬತ್ತೈದರ ವಯಸ್ಸಿನಲ್ಲಿ ಕಣ್ಮುಚ್ಚಿದರು. ಅಂಥವರೇ ಕುರ್ಚಿ ಹಾಕಿ ಕೂರಿಸಿದ ಮೇಲೆ, ಮಂಡಿನೋವಿನವರು ಕುರ್ಚಿಯಲ್ಲಿ ಕುಳಿತು ಅಭ್ಯಾಸ ಮಾಡಲು ನಾಚಿಕೆ ಏಕೆ? ಒತ್ತಾಯದಿಂದ ಪದ್ಮಾಸನ ಹಾಕಿ ಮಂಡಿಯ ನೋವು ಹೆಚ್ಚಿಸಿಕೊಂಡರೆ ಶಿವನು ಮೆಚ್ಚುವುದಿಲ್ಲ.

ಈಗ ಗುಳಿಗೆಯ ವಿಷಯ. ಇದನ್ನು ಒತ್ತಿ ಹೇಳಬೇಕಾಗಿದೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಶಿಬಿರದ ಮಾತು ಕೇಳಿ ಬಿಟ್ಟು, ಕಾಲಿನ ಹುಣ್ಣು ಮಾಯದೆ ಆಸ್ಪತ್ರೆ ಸೇರಿದವರನ್ನು ಕಂಡಿದ್ದೇನೆ. ರಕ್ತದೊತ್ತಡಕ್ಕೆ ನೋವಿಲ್ಲ, ಸದ್ದಿಲ್ಲ. ಮೈ ಹಗುರವೆನಿಸಿತೆಂದು ಔಷಧ ಬಿಟ್ಟರೆ ಲಕ್ವ ಹೊಡೆದ ದಿನವೇ ಗೊತ್ತಾಗುವುದು. ಯೋಗದಿಂದ ಕೆಲವರಿಗೆ ಒತ್ತಡ, ಸಕ್ಕರೆ ತಗ್ಗಬಹುದು. ತಗ್ಗಿದೆಯೇ ಎಂದು ಪರೀಕ್ಷೆ ಮಾಡಿ ಗುಳಿಗೆ ಕಡಿಮೆ ಮಾಡುವವರು ವೈದ್ಯರು. ಶಿಬಿರದ ಗುರುಗಳಿಗೆ ಆ ಅಧಿಕಾರವಿಲ್ಲ, ಸ್ವಾಮಿಗಳಿಗೂ ಇಲ್ಲ. ಸಕ್ಕರೆಗೆ ಗುಳಿಗೆ ಅಥವಾ ಸೂಜಿ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಬಹಳ ಹೊತ್ತು ಅಭ್ಯಾಸ ಮಾಡಿದರೆ ಸಕ್ಕರೆ ಕುಸಿದು ಕೈ ನಡುಗಿ ಬೆವರಬಹುದು. ಬೆಲ್ಲದ ಚೂರೊಂದು ಹತ್ತಿರವಿರಲಿ. ರಕ್ತದೊತ್ತಡ ಇದ್ದವರು, ಕಣ್ಣಿನೊತ್ತಡದ ಗ್ಲಾಕೋಮಾ ಇದ್ದವರು ತಲೆಕೆಳಗಾಗುವ ಆಸನದ ತಂಟೆಗೆ ಹೋಗಬಾರದು. ಹೃದ್ರೋಗ, ಹರ್ನಿಯಾ ಇದ್ದವರೂ ಗರ್ಭಿಣಿಯರೂ ಉಸಿರು ಕಟ್ಟಿ ಹಿಡಿಯುವುದನ್ನಾಗಲಿ, ರಭಸದ ಕಪಾಲಭಾತಿ ಭಸ್ತ್ರಿಕೆಗಳನ್ನಾಗಲಿ ಮಾಡಬಾರದು.

ಇದು ಈಗಿನ ವೈದ್ಯರ ಅಂಜಿಕೆ ಮಾತ್ರವೆಂದು ತಿಳಿಯಬೇಡಿ. ಸ್ವಾತ್ಮಾರಾಮ ಯೋಗಿಯ ಹಠಯೋಗಪ್ರದೀಪಿಕೆಯಲ್ಲಿಯೇ ಈ ಎಚ್ಚರಿಕೆಯಿದೆ. ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲನೆ ಪಳಗಿಸುವಂತೆ ಉಸಿರನ್ನು ಪಳಗಿಸಬೇಕು, ಅವಸರ ಮಾಡಿದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಆತ ಹೇಳುತ್ತಾನೆ. ತಪ್ಪು ಅಭ್ಯಾಸದಿಂದ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ ಕಿವಿ ಕಣ್ಣುಗಳ ನೋವು ಬರುತ್ತವೆಂದೂ ಎಣಿಸುತ್ತಾನೆ. ಹೊಟ್ಟೆಯ ಕಾಲುಭಾಗ ಖಾಲಿ ಉಳಿಯುವಂತೆ ಉಣ್ಣಬೇಕೆಂಬುದೂ ಅವನದೇ ಮಾತು. ಹೋಳಿಗೆಯ ದಿನ ಇದು ಯಾರಿಗೂ ನೆನಪಾಗುವುದಿಲ್ಲ.

ವೇಳೆ ಯಾವುದು ಎನ್ನುವವರಿಗೆ ಬೆಳಗಿನ ಜಾವ ಒಳ್ಳೆಯದು. ಹಾಲು ಕರೆಯುವ ಹೆಣ್ಣುಮಕ್ಕಳಿಗೆ ಸಂಜೆಯೂ ಆದೀತು. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು, ಅಷ್ಟೆ. ಮುಟ್ಟಿನ ದಿನಗಳಲ್ಲಿ ಮೈಲಿಗೆಯೆಂದು ಬಿಡಬೇಕೇ ಎಂದು ತಾಯಂದಿರು ಸಂಕೋಚದಿಂದ ಕೇಳುತ್ತಾರೆ. ಶರಣರು ಸೂತಕವನ್ನೇ ಒಪ್ಪಲಿಲ್ಲ. ಮೈ ದಣಿದಿದ್ದರೆ ವಿಶ್ರಾಂತಿ ತೆಗೆದುಕೊಳ್ಳಿ, ಇಲ್ಲವಾದರೆ ಹಗುರವಾದದ್ದನ್ನು ಮಾಡಿ.

ಗುರು ಯಾರೆಂಬುದನ್ನೂ ನೋಡಿಕೊಳ್ಳಬೇಕು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು 1996ರಲ್ಲಿ ದೇಹ ಬಿಡುವುದಕ್ಕೆ ಮುಂಚೆ ಊರೂರು ತಿರುಗಿ ಶಿಬಿರ ನಡೆಸಿದವರು. ಅವರಿಂದ ಕಲಿತವರು ನಿಮ್ಮ ಸೀಮೆಯಲ್ಲಿಯೇ ಇದ್ದಾರು, ವಿಚಾರಿಸಿ. ನಿಮ್ಮ ಕಾಯಿಲೆ ಏನೆಂದು ಮೊದಲು ಕೇಳುವವನು, ನೋವಾದರೆ ನಿಲ್ಲಿಸು ಎನ್ನುವವನು ಗುರು. ಫೋನಿನ ಪರದೆಯಲ್ಲಿ ಕಾಣುವವನಿಗೆ ನಿಮ್ಮ ಮಂಡಿ ಕಾಣುವುದಿಲ್ಲ.

ನಾಳೆಯೇ ಪ್ರಾರಂಭಿಸಬೇಕೆನ್ನುವವರು ಇಷ್ಟು ಮಾಡಬಹುದು. ಬೆನ್ನು ನೇರವಾಗಿ, ನೆಲದ ಮೇಲೋ ಕುರ್ಚಿಯ ಮೇಲೋ ಕುಳಿತುಕೊಳ್ಳಿ. ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ಭುಜ, ಮಣಿಕಟ್ಟು, ಪಾದದ ಕೀಲುಗಳನ್ನು ಐದೈದು ಸಲ ಆಡಿಸಿ. ಆಮೇಲೆ ಕಣ್ಣು ಮುಚ್ಚಿ ಉಸಿರನ್ನು ತಡೆಯದೆ, ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಐದು ನಿಮಿಷ ನೋಡುತ್ತಿರಿ. ಬೇಕೆನಿಸಿದರೆ ಪ್ರತಿ ಉಸಿರಿಗೆ ಶಿವನಾಮ ಕೂಡಿಸಿ. ಮನಸ್ಸು ಸಂತೆಗೆ ಹೋದರೆ ಬಯ್ಯದೆ ಕರೆದು ತನ್ನಿ. ಒಂದು ತಿಂಗಳು ಇದಕ್ಕಿಂತ ಹೆಚ್ಚು ಬೇಡ.